ಕಲ್ಲಿನೊಳಗಿನ ಲೋಹ: ಖನಿಜ ಸಂಸ್ಕರಣೆಯಲ್ಲಿ ಸ್ನಾತಕೋತ್ತರ ಶಿಕ್ಷಣ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಶಿಕಾರಿಪುರ ಮತ್ತು ಸೊರಬ ತಾಲ್ಲೂಕಿನ ವಿದ್ಯಾರ್ಥಿಗಳನ್ನುದ್ದೇಶಿಸಿ ಮಾಡಿದ ಭಾಷಣ)



ನಮ್ಮ ಎರಡೂ ತಾಲ್ಲೂಕುಗಳ ಮಕ್ಕಳು ಬಿ.ಎಸ್ಸಿ. ಮುಗಿಸಿದ ಕೂಡಲೇ ಎದುರಾಗುವ ಪ್ರಶ್ನೆ "ಮುಂದೇನು?" ಎಂಬುದು. ಬಿ.ಇಡ್. ಮಾಡಬೇಕೇ, ಅಂಗಡಿಯಲ್ಲಿ ಲೆಕ್ಕ ಬರೆಯಬೇಕೇ, ಗಲ್ಫಿಗೆ ಹೋಗಬೇಕೇ? ಸಿ.ಇ.ಟಿ.ಯಲ್ಲಿ ಒಳ್ಳೆಯ ರ‍್ಯಾಂಕ್ ಬಾರದೆ ಎಂಜಿನಿಯರಿಂಗ್ ಸೀಟು ತಪ್ಪಿದರೆ ಎಂ.ಟೆಕ್. ಎಂಬ ಮಾತು ನಮಗೆ ಸಂಬಂಧಿಸಿದ್ದಲ್ಲ ಎಂದು ಮನೆಯವರು ತಿಳಿಯುತ್ತಾರೆ. ಹಾಗೆ ತಿಳಿಯಬೇಕಾಗಿಲ್ಲ ಎಂದು ಹೇಳುವುದಕ್ಕಾಗಿಯೇ ಇಂದು ಖನಿಜ ಸಂಸ್ಕರಣೆ, ಅಂದರೆ ಮಿನರಲ್ ಪ್ರೊಸೆಸಿಂಗ್ ಎಂಬ ವಿಷಯವನ್ನು ಆರಿಸಿಕೊಂಡಿದ್ದೇನೆ.

ಗಣಿಗಾರಿಕೆ ಎಂದರೆ ಅದಿರನ್ನು ಭೂಮಿಯಿಂದ ತೆಗೆಯುವುದು. ತೆಗೆದ ಅದಿರಿನಲ್ಲಿ ಬೇಕಾದ ಖನಿಜವನ್ನು ಬೇಡವಾದ ಕಲ್ಲುಮಣ್ಣಿನಿಂದ ಬೇರ್ಪಡಿಸುವುದೇ ಖನಿಜ ಸಂಸ್ಕರಣೆ. ಮನೆಯಲ್ಲಿ ಅಮ್ಮಿ ಮೊರದಲ್ಲಿ ಅಕ್ಕಿ ಕೇರುವುದನ್ನು ನೋಡಿದ್ದೀರಿ. ಹಗುರವಾದ ಹೊಟ್ಟು ಹಾರಿಹೋಗುತ್ತದೆ, ತೂಕದ ಅಕ್ಕಿ ಮೊರದಲ್ಲಿ ಉಳಿಯುತ್ತದೆ. ಇಲ್ಲಿಯೂ ಒಂದು ವಿಧಾನ ಅದೇ. ಹೆಮಟೈಟ್ ಎಂಬ ಕಬ್ಬಿಣದ ಅದಿರು ನೀರಿಗಿಂತ ಸುಮಾರು 5 ಪಟ್ಟು ಭಾರ. ಅದರೊಡನೆ ಬೆರೆತ ಬೆಣಚುಕಲ್ಲು ಸುಮಾರು 2.65 ಪಟ್ಟು ಮಾತ್ರ. ಈ ವ್ಯತ್ಯಾಸದಿಂದ ನೀರಿನ ಪ್ರವಾಹದಲ್ಲಿ ಎರಡನ್ನೂ ಬೇರೆ ಮಾಡಬಹುದು. ಮ್ಯಾಗ್ನಟೈಟ್ ಅದಿರಾದರೆ ಅಯಸ್ಕಾಂತವೇ ಸೆಳೆದುಕೊಳ್ಳುತ್ತದೆ. ಇನ್ನೊಂದು ವಿಧಾನದಲ್ಲಿ ಅದಿರನ್ನು ಹಿಟ್ಟಿನಂತೆ ಅರೆದು, ನೀರಿನಲ್ಲಿ ಕಲಸಿ, ತಕ್ಕ ರಾಸಾಯನಿಕ ಸೇರಿಸಿ ಗಾಳಿ ಊದುತ್ತಾರೆ. ಬೇಕಾದ ಕಣಗಳು ಗುಳ್ಳೆಗಳಿಗೆ ಅಂಟಿಕೊಂಡು ನೊರೆಯಾಗಿ ಮೇಲೆ ಬರುತ್ತವೆ. ಇದೇ ಫ್ರಾತ್ ಫ್ಲೋಟೇಶನ್. ನೀವು ಪದವಿಯಲ್ಲಿ ಓದುವ ಭೌತಶಾಸ್ತ್ರ, ರಸಾಯನಶಾಸ್ತ್ರಗಳೇ ಇಲ್ಲಿ ಕೆಲಸಕ್ಕೆ ಬರುತ್ತವೆ.

ಈ ವಿದ್ಯೆ ನಮ್ಮ ಭಾಗಕ್ಕೆ ದೂರದ್ದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ದೇವಾಲಯಗಳು ಬಳಪದ ಕಲ್ಲಿನವು. ಸೊರಬದ ಕಡೆ ಮನೆ ಕಟ್ಟುವ ಜಂಬಿಟ್ಟಿಗೆಯೂ ಕಬ್ಬಿಣದ ಅಂಶವುಳ್ಳ ಕಲ್ಲೇ. ನಮ್ಮ ಜಿಲ್ಲೆಯ ಭದ್ರಾವತಿಯ ಕಾರ್ಖಾನೆ 1923ರಲ್ಲಿ ಕಬ್ಬಿಣ ತಯಾರಿಸಲು ಆರಂಭಿಸಿತು. ಅದಕ್ಕೆ ಅದಿರು ಬರುತ್ತಿದ್ದುದು ಕೆಮ್ಮಣ್ಣುಗುಂಡಿಯಿಂದ.

ಒಳ್ಳೆಯ ದರ್ಜೆಯ ಅದಿರು ಎಲ್ಲೆಡೆ ಕಡಿಮೆಯಾಗುತ್ತಿದೆ. ಹಿಂದೆ ಪ್ರಯೋಜನವಿಲ್ಲವೆಂದು ಗಣಿಯ ಪಕ್ಕದಲ್ಲಿ ಸುರಿದ ಕೆಳದರ್ಜೆಯ ಅದಿರನ್ನು ಈಗ ಸಂಸ್ಕರಿಸಿ ಬಳಸಬೇಕಾಗಿದೆ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಆದರೆ ಚಿನ್ನ ತೆಗೆದು ಬಿಟ್ಟ ಮಣ್ಣಿನ ದಿಬ್ಬಗಳು ಅಲ್ಲಿಯೇ ಇವೆ. ಅಂತಹ 13 ದಿಬ್ಬಗಳಿಂದ ಉಳಿದ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರಲ್ಲಿ ಒಪ್ಪಿಗೆ ನೀಡಿತು. ಇಂತಹ ಕೆಲಸಕ್ಕೆ ಖನಿಜ ಸಂಸ್ಕರಣೆ ಬಲ್ಲವರೇ ಬೇಕು.

ಈ ವಿದ್ಯೆಯ ಜೊತೆಗೆ ಹೊಣೆಯೂ ಇದೆ. ಕುದುರೆಮುಖದಲ್ಲಿ ಕೆಳದರ್ಜೆಯ ಮ್ಯಾಗ್ನಟೈಟ್ ಅದಿರನ್ನು ಅರೆದು, ಶುದ್ಧಮಾಡಿ, ನೀರಿನಲ್ಲಿ ಬೆರೆಸಿ 67 ಕಿಲೋಮೀಟರ್ ಉದ್ದದ ಕೊಳವೆಯ ಮೂಲಕ ಮಂಗಳೂರಿಗೆ ಕಳುಹಿಸುತ್ತಿದ್ದರು. ತಾಂತ್ರಿಕವಾಗಿ ಅದು ದೊಡ್ಡ ಸಾಧನೆ. ಆದರೆ ಅದು ಭದ್ರೆ ಹುಟ್ಟುವ ಕಾಡು. ಕಾಡಿಗೂ ನದಿಗೂ ಆಗುವ ಹಾನಿಯ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿ, 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಆ ನದಿಯ ನೀರನ್ನು ಕುಡಿಯುವವರು ನಮ್ಮ ಜಿಲ್ಲೆಯವರೇ. ಉಳಿದ ತ್ಯಾಜ್ಯವನ್ನು ಎಲ್ಲಿಡಬೇಕು, ನೀರನ್ನು ಹೇಗೆ ಮರುಬಳಕೆ ಮಾಡಬೇಕು ಎಂಬುದೂ ಈ ವಿಷಯದ ಪಾಠವೇ. ನದಿಯ ದಡದಲ್ಲಿ ಬೆಳೆದವರು ಇದನ್ನು ಕಲಿತರೆ ಒಳ್ಳೆಯದಲ್ಲವೇ?

ಇನ್ನು ಎಲ್ಲಿ ಓದಬಹುದು? ಬಳ್ಳಾರಿ ಜಿಲ್ಲೆಯ ಸಂಡೂರಿನ ನಂದಿಹಳ್ಳಿ ಸ್ನಾತಕೋತ್ತರ ಕೇಂದ್ರದಲ್ಲಿ ಖನಿಜ ಸಂಸ್ಕರಣೆಯ ಎಂ.ಟೆಕ್. ಇದೆ. ಮೊದಲು ಗುಲ್ಬರ್ಗಾ ವಿಶ್ವವಿದ್ಯಾಲಯದ ಅಧೀನದಲ್ಲಿದ್ದ ಈ ಕೇಂದ್ರ ಈಗ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ ಸೇರಿದೆ. ವಿಜ್ಞಾನ ಪದವೀಧರರಿಗೆ ಇಲ್ಲಿ ಅವಕಾಶವಿರುವುದೇ ಇದರ ವಿಶೇಷ. ಯಾವ ವಿಷಯಗಳ ಸಂಯೋಜನೆ ಬೇಕೆಂಬುದನ್ನು ಆಯಾ ವರ್ಷದ ಪ್ರವೇಶ ಪ್ರಕಟಣೆಯಲ್ಲಿ ನೋಡಿಕೊಳ್ಳಿ. ಬಿ.ಇ. ಓದುತ್ತಿರುವವರು ಗೇಟ್ ಪರೀಕ್ಷೆ ಬರೆದು ಧನಬಾದಿನ ಐ.ಐ.ಟಿ.ಗೆ ಪ್ರಯತ್ನಿಸಬಹುದು, 1926ರಲ್ಲಿ ಗಣಿ ಶಾಲೆಯಾಗಿ ಆರಂಭವಾದ ಸಂಸ್ಥೆ ಅದು. ಭೂವಿಜ್ಞಾನದಲ್ಲಿ ಆಸಕ್ತಿ ಇದ್ದವರಿಗೆ ಹತ್ತಿರದ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಭೂವಿಜ್ಞಾನ ವಿಭಾಗವಿದೆ.

ಖರ್ಚಿನ ಮಾತು. ಗೇಟ್ ಅರ್ಹತೆಯೊಂದಿಗೆ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಪೂರ್ಣಾವಧಿ ಎಂ.ಟೆಕ್. ಸೇರಿದವರಿಗೆ ಎ.ಐ.ಸಿ.ಟಿ.ಇ. ನಿಗದಿಪಡಿಸಿದ ವಿದ್ಯಾರ್ಥಿವೇತನ ತಿಂಗಳಿಗೆ 12,400 ರೂಪಾಯಿ. ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ನಿಮ್ಮ ಕೋರ್ಸಿಗೆ ಸಿಗುತ್ತದೆಯೇ ಎಂದು ಶಿವಮೊಗ್ಗದ ಕಚೇರಿಯಲ್ಲಿ ಮುಂಚಿತವಾಗಿಯೇ ವಿಚಾರಿಸಿ. ಕೊನೆಯ ದಿನ ಆದಾಯ ಪ್ರಮಾಣಪತ್ರಕ್ಕಾಗಿ ಓಡಾಡುವಂತಾಗಬಾರದು.

ಪೋಷಕರಲ್ಲಿ ಒಂದು ವಿನಂತಿ. ಗಣಿ ಎಂದೊಡನೆ ಹೆಣ್ಣುಮಕ್ಕಳಿಗಲ್ಲ ಎನ್ನಬೇಡಿ. ಈ ವಿಷಯದ ಹೆಚ್ಚಿನ ಕೆಲಸ ಪ್ರಯೋಗಾಲಯದಲ್ಲಿ, ಸಂಸ್ಕರಣಾ ಘಟಕದಲ್ಲಿ ನಡೆಯುತ್ತದೆ. ನೆಲದಡಿಯ ಗಣಿಗಳಲ್ಲಿಯೂ ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಹುದ್ದೆಗಳಲ್ಲಿ ಹಗಲು ಹೊತ್ತು ಮಹಿಳೆಯರನ್ನು ನೇಮಿಸಿಕೊಳ್ಳಲು ಕೇಂದ್ರ ಸರ್ಕಾರ 2019ರಲ್ಲಿ ಅನುಮತಿ ನೀಡಿತು.

ಓದಿದ ಕೂಡಲೇ ನೌಕರಿ ಖಚಿತ ಎಂದು ನಾನು ಹೇಳಲಾರೆ. ಅದಿರಿನ ಬೆಲೆ ಇಳಿದರೆ, ನ್ಯಾಯಾಲಯ ತಡೆ ನೀಡಿದರೆ ಈ ಕ್ಷೇತ್ರ ಮಂಕಾಗುತ್ತದೆ. 2011ರಲ್ಲಿ ಬಳ್ಳಾರಿಯ ಗಣಿಗಳು ನಿಂತಾಗ ಅನೇಕ ಮನೆಗಳು ಅದನ್ನು ಅನುಭವಿಸಿದವು. ಕೆಲಸವೂ ಶಿಕಾರಿಪುರದಲ್ಲಿ ಸಿಗದು. ಹಟ್ಟಿ, ದೋಣಿಮಲೆ, ತೋರಣಗಲ್ಲು ಎಂದು ಊರು ಬಿಟ್ಟು ಹೋಗಬೇಕು. ಇದನ್ನೆಲ್ಲ ತಿಳಿದೇ ಆರಿಸಿಕೊಳ್ಳಿ. ಆದರೆ ಇಂತಹದೊಂದು ದಾರಿ ಇದೆಯೆಂದು ಗೊತ್ತಿಲ್ಲದ ಕಾರಣಕ್ಕೆ ಯಾರೂ ಓದು ನಿಲ್ಲಿಸಬಾರದು. ಈ ವರ್ಷ ಪದವಿ ಮುಗಿಸುವ ಮಕ್ಕಳ ಪಟ್ಟಿ ಮಾಡಿ, ಅವರನ್ನು ಒಮ್ಮೆ ನಂದಿಹಳ್ಳಿಗೆ ಕರೆದೊಯ್ದು ತೋರಿಸುವ ಕೆಲಸವನ್ನು ಸಂಘ ಕೈಗೊಳ್ಳಲಿ ಎಂದು ಕೋರಿ ನನ್ನ ಮಾತು ಮುಗಿಸುತ್ತೇನೆ.