ನೋವಿದ್ದಲ್ಲಿ ಕೈ ಹೋಗುವುದೇಕೆ?

ರಾತ್ರಿ ಕತ್ತಲೆಯಲ್ಲಿ ನೀರು ಕುಡಿಯಲು ಎದ್ದಿರಿ, ಮಂಚದ ಕಾಲಿಗೆ ಮೊಣಕಾಲು ತಗಲಿತು ಎನ್ನಿ. ಬಾಯಿಂದ ‘ಅಮ್ಮಾ’ ಎಂಬ ಮಾತು ಹೊರಡುವಷ್ಟರಲ್ಲಿ ಕೈ ತಾನಾಗಿ ಆ ಜಾಗಕ್ಕೆ ಹೋಗಿರುತ್ತದೆ. ನಾಲ್ಕು ಸಾರಿ ಉಜ್ಜಿದರೆ ನೋವು ಒಂದಿಷ್ಟು ಹಗುರಾಗುತ್ತದೆ. ಇದನ್ನು ನಮಗೆ ಯಾರೂ ಕಲಿಸಿಲ್ಲ. ಆದರೆ ಉಜ್ಜಿದರೆ ನೋವೇಕೆ ತಗ್ಗಬೇಕು? ಪೆಟ್ಟು ಬಿದ್ದ ಜಾಗವನ್ನು ಮತ್ತೆ ಒತ್ತಿದರೆ ನೋವು ಹೆಚ್ಚಬೇಕಲ್ಲವೆ? ಇದಕ್ಕೆ ಉತ್ತರ ತಿಳಿದರೆ ಚೀನದ ಸೂಜಿ ಚಿಕಿತ್ಸೆಯ ರಹಸ್ಯವೂ ಬಹುಮಟ್ಟಿಗೆ ತಿಳಿದಂತೆಯೇ.

ಮೈಯಿಂದ ಬೆನ್ನುಹುರಿಗೆ ಸುದ್ದಿ ಒಯ್ಯುವ ನರತಂತುಗಳೆಲ್ಲ ಒಂದೇ ಬಗೆಯವಲ್ಲ. ಮುಟ್ಟಿದ್ದನ್ನೂ ಒತ್ತಿದ್ದನ್ನೂ ತಿಳಿಸುವ ತಂತುಗಳು ದಪ್ಪನೆಯವು; ಅವುಗಳಲ್ಲಿ ಸುದ್ದಿ ಸೆಕೆಂಡಿಗೆ ಹತ್ತಾರು ಮೀಟರು ಓಡುತ್ತದೆ. ನೋವಿನ ಸುದ್ದಿ ಒಯ್ಯುವ ತಂತುಗಳು ತೆಳುವಾದವು. ಅವುಗಳಲ್ಲೂ ಅತಿ ತೆಳುವಾದವುಗಳ ವೇಗ ಸೆಕೆಂಡಿಗೆ ಸುಮಾರು 1 ಮೀಟರು, ಎಂದರೆ ನಾವು ಬೀದಿಯಲ್ಲಿ ನಡೆದುಹೋಗುವ ವೇಗ. ಕಾಲ್ಬೆರಳು ಎಡವಿದಾಗ ಮೊದಲು ಚುರುಕ್ಕೆಂದು, ಕ್ಷಣ ಬಿಟ್ಟು ಆಮೇಲೆ ಜೀವ ಹಿಂಡುವ ಮಂದ ನೋವು ಬರುವುದು ಇದರಿಂದಲೇ.

1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಸಿದ್ಧಾಂತವನ್ನು ಮುಂದಿಟ್ಟರು. ಬೆನ್ನುಹುರಿಯಲ್ಲಿ ಒಂದು ಬಾಗಿಲಿದ್ದಂತೆ. ದಪ್ಪ ತಂತುಗಳು ಸ್ಪರ್ಶದ ಸುದ್ದಿಯನ್ನು ತಂದು ತುಂಬಿದರೆ ತೆಳು ತಂತುಗಳ ನೋವಿನ ಸುದ್ದಿಗೆ ಆ ಬಾಗಿಲು ಅರ್ಧ ಮುಚ್ಚುತ್ತದೆ. ಮೇಲಿನಿಂದ ಮಿದುಳೂ ಈ ಬಾಗಿಲನ್ನು ಮುಚ್ಚಬಲ್ಲದು. ಹಬ್ಬದ ಅಡುಗೆಯ ಗಡಿಬಿಡಿಯಲ್ಲಿ ಬೆರಳು ಸುಟ್ಟದ್ದು ಎಲ್ಲರ ಊಟವಾದ ಮೇಲೆ ಅರಿವಿಗೆ ಬರುವುದಿಲ್ಲವೆ? ಅವರು ಬರೆದ ನಕ್ಷೆಯ ವಿವರಗಳನ್ನು ಮುಂದಿನವರು ತಿದ್ದಿದ್ದಾರೆ. ಮುಖ್ಯವಾದ ವಿಚಾರ ನಿಂತಿದೆ.

ಹಾಗೆ ನೋಡಿದರೆ ಪ್ರಯೋಗ ಸಿದ್ಧಾಂತಕ್ಕಿಂತ ಬಹಳ ಹಳೆಯದು. ಕ್ರಿಸ್ತಶಕ ಮೊದಲನೆಯ ಶತಮಾನದ ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ಕಾಲಿನ ಸಂಧಿವಾತಕ್ಕೆ ವಿದ್ಯುತ್ ಮೀನನ್ನೇ ಮದ್ದಾಗಿ ಹೇಳಿದ. ಸಮುದ್ರದ ಒದ್ದೆ ದಂಡೆಯಲ್ಲಿ ಜೀವಂತ ಮೀನಿನ ಮೇಲೆ ಪಾದವಿಟ್ಟು, ಮೊಣಕಾಲಿನವರೆಗೆ ಜೋಮು ಹಿಡಿಯುವ ತನಕ ನಿಲ್ಲಬೇಕು! ನಮ್ಮಲ್ಲಿ ಹಣೆಗೆ ಬಿಗಿಯಾಗಿ ಬಟ್ಟೆ ಕಟ್ಟುವುದು, ಶುಂಠಿ ತೇಯ್ದು ಪಟ್ಟು ಹಾಕುವುದು, ಅಮೃತಾಂಜನ ತಿಕ್ಕುವುದು ಇವೆಲ್ಲ ಅದೇ ದಾರಿಯವು. ಎಳೆ ಮಕ್ಕಳಿಗೆ ಬರೆ ಹಾಕುವ ಕ್ರೂರ ಪದ್ಧತಿಯನ್ನು ಮಾತ್ರ ಈ ಸಾಲಿಗೆ ಸೇರಿಸಿ ಸಮರ್ಥಿಸಬೇಡಿ. ಅದರಿಂದ ಉಳಿಯುವುದು ಹುಣ್ಣು ಮಾತ್ರ.

ಇನ್ನು ಸೂಜಿಯ ವಿಷಯ. ಚೀನದ ಸಂಪ್ರದಾಯ ಮೈಮೇಲೆ 361 ಬಿಂದುಗಳನ್ನು ಹೇಳುತ್ತದೆ. 1938ರಲ್ಲಿ ಡಾ. ಕೋಟ್ನಿಸರ ಜೊತೆ ಚೀನಕ್ಕೆ ಹೋದ ಡಾ. ಬಿ. ಕೆ. ಬಸು ಅವರು 1950ರ ದಶಕದ ಕೊನೆಗೆ ಮತ್ತೆ ಅಲ್ಲಿಗೆ ಹೋಗಿ ಈ ವಿದ್ಯೆಯನ್ನು ಕಲಿತು ಕಲ್ಕತ್ತೆಗೆ ತಂದರು. ಅಮೆರಿಕದವರ ಕಣ್ಣು ಇದರ ಮೇಲೆ ಬಿದ್ದದ್ದು 1971ರಲ್ಲಿ, ಜೇಮ್ಸ್ ರೆಸ್ಟನ್ ಎಂಬ ಪತ್ರಕರ್ತರಿಗೆ ಪೀಕಿಂಗಿನಲ್ಲಿ ಅಪೆಂಡಿಕ್ಸ್ ಶಸ್ತ್ರಕ್ರಿಯೆಯಾದಾಗ. ಸೂಜಿ ಚುಚ್ಚಿಯೇ ಅವರ ಹೊಟ್ಟೆ ಕುಯ್ದರೆಂದು ಕಥೆ ಹಬ್ಬಿತು. ನಿಜದಲ್ಲಿ ಕುಯ್ದದ್ದು ಮಾಮೂಲು ಮರಗಟ್ಟಿಸುವ ಮದ್ದು ಕೊಟ್ಟೇ. ಸೂಜಿ ಬಂದದ್ದು ಆಮೇಲೆ ಹೊಟ್ಟೆಯುಬ್ಬರದ ಸಂಕಟಕ್ಕೆ.

ಸೂಜಿ ಫಲ ಕೊಡುವುದಿಲ್ಲ ಎನ್ನುವಂತಿಲ್ಲ. ನಮ್ಮ ಮಿದುಳೇ ಅಫೀಮಿನಂತಹ ನೋವುನಿವಾರಕಗಳನ್ನು ತಯಾರಿಸುತ್ತದೆಂದು 1975ರಲ್ಲಿ ಗೊತ್ತಾಯಿತು. ಚುಚ್ಚುವಿಕೆ ಅವನ್ನು ಹೊರಡಿಸುತ್ತದೆಂಬುದಕ್ಕೆ ಆಧಾರಗಳಿವೆ. ಆದರೆ ಬಿಂದುಗಳ ಮಾತು ಬೇರೆ. ಜರ್ಮನಿಯಲ್ಲಿ 1162 ಮಂದಿ ಸೊಂಟನೋವಿನವರನ್ನು ಮೂರು ಗುಂಪು ಮಾಡಿ ಪರೀಕ್ಷಿಸಿ, ಫಲವನ್ನು 2007ರಲ್ಲಿ ಪ್ರಕಟಿಸಿದರು. ಶಾಸ್ತ್ರೋಕ್ತ ಬಿಂದುಗಳಲ್ಲಿ ಚುಚ್ಚಿಸಿಕೊಂಡವರಲ್ಲಿ ನೂರಕ್ಕೆ 47.6 ಮಂದಿಗೆ ಗುಣ ಕಂಡಿತು. ಬಿಂದುವಲ್ಲದ ಕಡೆ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ 44.2 ಮಂದಿಗೆ; ಮದ್ದು, ವ್ಯಾಯಾಮ ಮುಂತಾದ ರೂಢಿಯ ಚಿಕಿತ್ಸೆ ಪಡೆದವರಲ್ಲಿ 27.4 ಮಂದಿಗೆ. ಚುಚ್ಚಿದ್ದಕ್ಕೂ, ಚಿಕಿತ್ಸೆಯಲ್ಲಿ ಇಟ್ಟ ನಂಬಿಕೆಗೂ ಫಲವುಂಟು. ಎಲ್ಲಿ ಚುಚ್ಚಬೇಕೆಂಬುದು ಅಷ್ಟು ದೊಡ್ಡ ಮಾತಲ್ಲ ಎಂದೇ ನಾನು ಇದನ್ನು ಓದುತ್ತೇನೆ.

ಇದು ನಿಮಗೆ ಅನುಕೂಲದ ಸುದ್ದಿ. ಅಂಗುಲ ಅಳೆದು ಬಿಂದು ಹುಡುಕುವ ತಾಪತ್ರಯವಿಲ್ಲ. ಲೆಕ್ಕ ಬರೆದು, ಹೊಲಿಗೆ ಹಾಕಿ ಕುತ್ತಿಗೆ ಹಿಡಿದಿದೆಯೆ? ಹೆಗಲಿನ ಮೇಲುಭಾಗದಲ್ಲಿ ಗಂಟಿನಂತೆ ಸಿಗುವ, ಮುಟ್ಟಿದರೆ ನೋಯುವ ಜಾಗವನ್ನು ಎದುರು ಕೈಯ ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಹಿತವಾದ ನೋವೆನ್ನುತ್ತೇವಲ್ಲ, ಅಷ್ಟು ಸಾಕು. ಹಲ್ಲು ಕಚ್ಚುವಷ್ಟು ಒತ್ತಬೇಡಿ. ಬೆನ್ನಿಗಾದರೆ ಗೋಡೆಗೂ ಬೆನ್ನಿಗೂ ನಡುವೆ ಮಕ್ಕಳ ರಬ್ಬರು ಚೆಂಡೊಂದನ್ನಿಟ್ಟು ಒರಗಿ, ಬೆನ್ನೆಲುಬಿನ ಪಕ್ಕದ ಮಾಂಸದ ಮೇಲೆ ಹೊರಳಿಸಿ. ತಲೆನೋವಿಗೆ ಹೆಬ್ಬೆರಳು ತೋರುಬೆರಳುಗಳ ನಡುವಿನ ಮಾಂಸವನ್ನು ಹಿಸುಕುವುದು ಬಹಳ ಪ್ರಸಿದ್ಧ. ಬಸುರಿಯರು ಅದನ್ನು ಮಾಡಬಾರದೆಂದು ಚೀನದವರೇ ಎಚ್ಚರಿಸುತ್ತಾರೆ.

ಮೈಗೆ ಪಟ್ಟಿ ಅಂಟಿಸಿ ಸಣ್ಣ ವಿದ್ಯುತ್ತು ಹಾಯಿಸುವ ಯಂತ್ರಗಳೂ ಈಗ ಔಷಧದಂಗಡಿಗಳಲ್ಲಿ ಸಿಗುತ್ತವೆ. ವಾಲ್ ಮತ್ತು ವಿಲಿಯಂ ಸ್ವೀಟ್ ಎಂಬವರು 1967ರಲ್ಲಿ ಪ್ರಕಟಿಸಿದ ಪ್ರಯೋಗದ ಸಂತತಿ ಇವು. ಜುಮುಜುಮು ಎನ್ನಬೇಕು, ನೋಯಬಾರದು. ಕೆಲವರಿಗೆ ಉಪಶಮನ, ಕೆಲವರಿಗೆ ಏನೂ ಇಲ್ಲ. ಸಿಕ್ಕರೂ ಸಾಮಾನ್ಯವಾಗಿ ಯಂತ್ರ ನಡೆಯುವಷ್ಟು ಹೊತ್ತು ಮತ್ತು ಸ್ವಲ್ಪ ಆಮೇಲೆ. ಎದೆಯಲ್ಲಿ ಪೇಸ್‌ಮೇಕರ್ ಇಟ್ಟುಕೊಂಡವರು ವೈದ್ಯರನ್ನು ಕೇಳದೆ ಮುಟ್ಟಕೂಡದು. ಕುತ್ತಿಗೆಯ ಮುಂಭಾಗಕ್ಕೂ ಬಸುರಿಯ ಹೊಟ್ಟೆಗೂ ಪಟ್ಟಿ ಅಂಟಿಸಬಾರದು.

ಬಾಗಿಲು ಮುಚ್ಚಿದರೂ ಹೊರಗೆ ನಿಂತ ಸುದ್ದಿ ಸುಳ್ಳಾಗುವುದಿಲ್ಲವಾದ್ದರಿಂದ ಇನ್ನು ಕೆಲವು ಮಾತುಗಳನ್ನು ಹೇಳಲೇಬೇಕು. ಎದೆ ಬಿಗಿದು ನೋವು ಎಡತೋಳಿಗೋ ದವಡೆಗೋ ಹರಿದರೆ, ಬೆವರಿದರೆ, ಒತ್ತುತ್ತ ಕೂರದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ. ಸಿಡಿಲೆರಗಿದಂತೆ ತಟ್ಟನೆ ಬಂದ ತಲೆನೋವಿಗೂ, ಸೊಂಟನೋವಿನೊಡನೆ ಕಾಲಿನ ಬಲ ಕುಂದಿ ಮೂತ್ರ ಕಟ್ಟಿದರೂ ಹಾಗೆಯೇ. ದೀರ್ಘ ಪ್ರಯಾಣವೋ ಶಸ್ತ್ರಕ್ರಿಯೆಯೋ ಆದ ಮೇಲೆ ಒಂದೇ ಕಾಲಿನ ಮೀನಖಂಡ ಊದಿ, ಬೆಚ್ಚಗಾಗಿ ನೋಯುತ್ತಿದ್ದರೆ ಅದನ್ನು ಯಾರಿಂದಲೂ ಒತ್ತಿಸಿಕೊಳ್ಳಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಕಿತ್ತುಬಂದ ತುಣುಕು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಪ್ರಾಣಕ್ಕೆ ಅಪಾಯ.