ಗಿಟಾರ್ ಹಿಡಿದ ಕೈಗಳಿಗೆ ಕೆಲವು ಕಿವಿಮಾತು

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಯುವಜನರ ಸಂಗೀತ ಕಮ್ಮಟದಲ್ಲಿ ಗಾನವೃಂದದ ಪರವಾಗಿ ಮಾಡಿದ ಭಾಷಣ)



ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿರುವ ಈ ಶುಭ ಸಂದರ್ಭದಲ್ಲಿ ನಿಮ್ಮೆದುರು ಎರಡು ಮಾತುಗಳನ್ನಾಡುವ ಅವಕಾಶ ನಮಗೆ ದೊರೆತಿರುವುದು ಸಂತೋಷದ ಸಂಗತಿ. ನಾವು ಸಂಗೀತ ವಿದ್ವಾಂಸರಲ್ಲ. ಭಾನುವಾರದ ಬಲಿಪೂಜೆಯಲ್ಲಿ ಹಾಡುತ್ತ, ಹಬ್ಬದ ಸಂಜೆ ಅಂಗಳದ ವೇದಿಕೆಯಲ್ಲಿ ನುಡಿಸುತ್ತ, ತಪ್ಪುಗಳನ್ನು ಮಾಡಿ ತಿದ್ದಿಕೊಂಡವರು. ಆ ತಪ್ಪುಗಳಿಂದ ಕಲಿತುದನ್ನೇ ಇಂದು ನಿಮ್ಮ ಮುಂದಿಡುತ್ತೇವೆ. ಗಿಟಾರ್ ಕಲಿತು, ನಾಲ್ಕಾರು ಮಂದಿ ಕೂಡಿ ವಾದ್ಯಗೋಷ್ಠಿ ಕಟ್ಟಬೇಕೆಂಬ ಹಂಬಲ ನಿಮ್ಮಲ್ಲಿ ಅನೇಕರಿಗಿದೆ. ಅಂಥ ಹಂಬಲ ಒಳ್ಳೆಯದೇ. ಅದು ಹೇಗೆ ಫಲಿಸೀತು ಎಂಬುದೇ ಇಂದಿನ ವಿಷಯ.

ಮೊದಲಿಗೆ ಹಿರಿಯರ ಒಂದು ಸಂದೇಹಕ್ಕೆ ಉತ್ತರ ಹೇಳಬೇಕು. ದೇವಾಲಯದೊಳಗೆ ಗಿಟಾರ್ ಸಲ್ಲುತ್ತದೆಯೇ ಎಂದು ಈಗಲೂ ಕೇಳುವವರಿದ್ದಾರೆ. ಅವರ ಪ್ರಶ್ನೆ ನಿರಾಧಾರವಲ್ಲ. 1903ರ ನವೆಂಬರ್ 22ರಂದು, ಅಂದರೆ ಸಂಗೀತಗಾರರ ಪಾಲಕಿಯಾದ ಸಂತ ಸಿಸಿಲಿಯಾಳ ಹಬ್ಬದಂದು, ಹತ್ತನೆಯ ಪಯಸ್ ಜಗದ್ಗುರುಗಳು ಹೊರಡಿಸಿದ ಆಜ್ಞೆಯಲ್ಲಿ ಪಿಯಾನೋ, ನಗಾರಿ, ತಾಳ ಮುಂತಾದ ವಾದ್ಯಗಳನ್ನು ದೇವಾಲಯದೊಳಗೆ ನಿಷೇಧಿಸಿದ್ದರು. ಬಳಿಕ ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ಪೂಜಾವಿಧಿಯ ಸಂವಿಧಾನದಲ್ಲಿ, ಕೊಳವೆ ಆರ್ಗನ್ನಿಗೆ ಹಿರಿಯ ಸ್ಥಾನವನ್ನು ಉಳಿಸಿ, ಪವಿತ್ರ ಕಾರ್ಯಕ್ಕೆ ಹೊಂದುವ ಇತರ ವಾದ್ಯಗಳನ್ನು ಆಯಾ ಪ್ರದೇಶದ ಅಧಿಕಾರಿಗಳ ಒಪ್ಪಿಗೆಯಿಂದ ಬಳಸಬಹುದೆಂದು ಹೇಳಿತು. ಆದುದರಿಂದ ಬಾಗಿಲು ತೆರೆದಿದೆ. ಆದರೆ ಅದು ತೆರೆದಿರುವುದು ಪ್ರಾರ್ಥನೆಗಾಗಿ. ನಮ್ಮ ಕೈಚಳಕದ ಪ್ರದರ್ಶನಕ್ಕಾಗಿ ಅಲ್ಲ.

ಈ ಭೇದವನ್ನು ನಾವು ಕಲಿತದ್ದು ಒಬ್ಬ ಅಜ್ಜಿಯಿಂದ. ಒಂದು ವರ್ಷದ ಹಬ್ಬಕ್ಕೆ ನಾವು ಹೊಸ ಆಂಪ್ಲಿಫೈಯರನ್ನು ಬಾಡಿಗೆಗೆ ತಂದು, ಬಲಿಪೂಜೆಯುದ್ದಕ್ಕೂ ಬಹಳ ಹುರುಪಿನಿಂದ ನುಡಿಸಿದೆವು. ಪೂಜೆ ಮುಗಿದ ಮೇಲೆ ಆ ಅಜ್ಜಿ ನಮ್ಮ ಬಳಿಗೆ ಬಂದು, "ಮಕ್ಕಳೇ, ನಿಮ್ಮ ಪೆಟ್ಟಿಗೆ ಚೆನ್ನಾಗಿ ಕೇಳಿಸ್ತು, ಹಾಡು ಮಾತ್ರ ಕೇಳಿಸಲಿಲ್ಲ. ನಾನೂ ಹಾಡೋಣ ಅಂತಿದ್ದೆ, ಆಗಲಿಲ್ಲ" ಎಂದರು. ಬೈದಿದ್ದರೆ ನಾವು ವಾದ ಹೂಡುತ್ತಿದ್ದೆವೇನೋ. ಅವರು ಬೈಯಲಿಲ್ಲ. ಅಂದಿನಿಂದ ನಮ್ಮ ಮೊದಲನೆಯ ನಿಯಮ ಇದು: ಕೊನೆಯ ಸಾಲಿನಲ್ಲಿ ಕುಳಿತವರು ಹಾಡುತ್ತಿದ್ದಾರೆಯೇ ಎಂದು ನೋಡಬೇಕು. ಅವರು ಹಾಡುತ್ತಿಲ್ಲವಾದರೆ ತಪ್ಪು ನಮ್ಮದೇ.

ಇನ್ನು ವಾದ್ಯದ ವಿಚಾರ. ಗಿಟಾರಿನ ಆರು ತಂತಿಗಳು ದಪ್ಪನೆಯದರಿಂದ ತೆಳ್ಳನೆಯದರವರೆಗೆ ಇ, ಎ, ಡಿ, ಜಿ, ಬಿ, ಇ ಎಂಬ ಸ್ವರಗಳಲ್ಲಿರಬೇಕೆಂದು ನಿಮಗೆ ಗೊತ್ತು. ಆದರೆ ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯಲ್ಲಿ ಶ್ರುತಿ ಮಾಡಿಕೊಂಡು ಬಂದರೆ ಸಾಲದು. ಎಲ್ಲರೂ ಒಂದೇ ಸ್ಥಳದಲ್ಲಿ, ಒಂದೇ ಆಧಾರದಿಂದ ಶ್ರುತಿ ಕೂಡಿಸಬೇಕು. ಕೀಬೋರ್ಡು ಇದ್ದರೆ ಅದರ 'ಎ' ಸ್ವರವು ಸಾಮಾನ್ಯವಾಗಿ ಸೆಕೆಂಡಿಗೆ 440 ಕಂಪನಗಳಿಗೆ ನಿಗದಿಯಾಗಿರುತ್ತದೆ. ಅದನ್ನೇ ಆಧಾರವಾಗಿ ಇಟ್ಟುಕೊಳ್ಳುವುದು ಲೇಸು. ಹೊಸ ತಂತಿಗಳು ಕೆಲವು ದಿನ ಎಳೆದುಕೊಂಡು ಶ್ರುತಿ ಇಳಿಯುತ್ತಲೇ ಇರುತ್ತವೆ. ಹಬ್ಬದ ಬೆಳಿಗ್ಗೆ ತಂತಿ ಬದಲಿಸಿ ವೇದಿಕೆ ಹತ್ತುವವರು ತಮಗೆ ತಾವೇ ಕಷ್ಟ ತಂದುಕೊಳ್ಳುತ್ತಾರೆ. ಎರಡು ಮೂರು ದಿನ ಮೊದಲೇ ಬದಲಿಸಿ, ಒಂದು ಜೊತೆ ತಂತಿಯನ್ನು ಚೀಲದಲ್ಲಿ ಇಟ್ಟುಕೊಂಡಿರಿ. ನೈಲಾನ್ ತಂತಿಯ ಗಿಟಾರಿಗೆ ಉಕ್ಕಿನ ತಂತಿ ಹಾಕಬೇಡಿ. ಉಕ್ಕಿನ ಸೆಳೆತ ಹೆಚ್ಚು, ಕೆಳಗಿನ ಸೇತುವೆ ಕಿತ್ತುಬಂದೀತು. ಬಿಸಿಲಲ್ಲಿ ನಿಂತ ವಾಹನದೊಳಗೆ ವಾದ್ಯವನ್ನು ಬಿಟ್ಟುಬರುವುದೂ ತರವಲ್ಲ. ಮರ ಬಾಗಬಹುದು, ಅಂಟು ಬಿಡಬಹುದು.

ಹಾಡಿನ ಶ್ರುತಿಯನ್ನು ಆರಿಸುವಾಗ ನಮ್ಮ ಬೆರಳುಗಳ ಅನುಕೂಲಕ್ಕಿಂತ ಭಕ್ತಾದಿಗಳ ಕಂಠದ ಅನುಕೂಲ ಮುಖ್ಯ. ಅಭ್ಯಾಸವಿಲ್ಲದ ಸಾಮಾನ್ಯ ಕಂಠವು ಆಯಾಸವಿಲ್ಲದೆ ಹಾಡಬಲ್ಲುದು ಸುಮಾರು ಒಂದು ಸ್ಥಾಯಿಯಷ್ಟು, ಅಥವಾ ಅದಕ್ಕಿಂತ ತುಸು ಹೆಚ್ಚು. ಬೆಳಗಿನ ಆರು ಗಂಟೆಯ ಪೂಜೆಯಲ್ಲಿ ಅಷ್ಟೂ ಏರದು. ಗಿಟಾರಿಗೆ ಕ್ಯಾಪೋ ಎಂಬ ಹಿಡಿಕೆ ಇರುವುದು ಇದಕ್ಕಾಗಿಯೇ. ಒಂದೊಂದು ಮನೆ ಮೇಲೆ ಸರಿಸಿದರೆ ಅರ್ಧ ಸ್ವರ ಏರುತ್ತದೆ. ಎರಡನೆಯ ಮನೆಯಲ್ಲಿಟ್ಟು 'ಜಿ' ಹಿಡಿತದಲ್ಲಿ ನುಡಿಸಿದರೆ 'ಎ' ಬರುತ್ತದೆ. ಅಭ್ಯಾಸದ ದಿನವೇ ತಕ್ಕ ಶ್ರುತಿಯನ್ನು ಗೊತ್ತುಮಾಡಿ ಹಾಡಿನ ಪುಸ್ತಕದಲ್ಲಿ ಬರೆದಿಡಿ.

ಪೂಜೆಯ ಕಾಲಗಳನ್ನೂ ಮರೆಯಬಾರದು. ತಪಸ್ಸು ಕಾಲದಲ್ಲಿ ವಾದ್ಯಗಳು ಹಾಡಿಗೆ ಆಸರೆಯಾಗಿ ಮಾತ್ರ ಇರಬೇಕು. ಆ ಕಾಲದ ನಾಲ್ಕನೆಯ ಭಾನುವಾರ ಮತ್ತು ನಡುವೆ ಬರುವ ಮಹೋತ್ಸವ, ಹಬ್ಬಗಳಿಗೆ ವಿನಾಯಿತಿಯುಂಟು. ಈ ಮೌನವೂ ಸಂಗೀತದ ಶಿಕ್ಷಣವೇ. ಎಲ್ಲಿ ನಿಲ್ಲಿಸಬೇಕೆಂದು ತಿಳಿದವನೇ ಎಲ್ಲಿ ನುಡಿಸಬೇಕೆಂಬುದನ್ನೂ ಬಲ್ಲನು.

ಇನ್ನು ದೇವಾಲಯದ ಹೊರಗಿನ ವೇದಿಕೆಗೆ ಬರೋಣ. ಮೈಕು ಕಿರಿಚಾಡುವುದನ್ನು ನೀವೆಲ್ಲರೂ ಕೇಳಿದ್ದೀರಿ. ಧ್ವನಿವರ್ಧಕದಿಂದ ಹೊರಟ ಸದ್ದು ಮತ್ತೆ ಮೈಕಿನೊಳಗೆ ಹೊಕ್ಕು, ಮತ್ತೆ ಹೊರಬಂದು, ಸುತ್ತು ಸುತ್ತಿಗೂ ಬೆಳೆಯುವುದೇ ಅದಕ್ಕೆ ಕಾರಣ. ಧ್ವನಿವರ್ಧಕಗಳನ್ನು ಹಾಡುಗಾರರ ಮುಂದುಗಡೆ, ಸಭಿಕರ ಕಡೆಗೆ ತಿರುಗಿಸಿ ಇಟ್ಟರೆ, ಹಾಡುವವರು ಮೈಕಿಗೆ ಸಮೀಪ ನಿಂತರೆ, ಈ ತೊಂದರೆ ಬಹುಮಟ್ಟಿಗೆ ನೀಗುತ್ತದೆ. ಮೊದಲು ಕಂಠದ ಧ್ವನಿಯನ್ನು ಸರಿಮಾಡಿ, ಆಮೇಲೆ ಒಂದೊಂದೇ ವಾದ್ಯವನ್ನು ಅದರ ಕೆಳಗೆ ಕೂಡಿಸುತ್ತ ಹೋಗಿ. ಖಾಲಿ ಸಭಾಂಗಣದಲ್ಲಿ ಗಟ್ಟಿಯಾಗಿ ಕೇಳಿಸಿದ್ದು ಜನ ತುಂಬಿದಾಗ ತಗ್ಗುತ್ತದೆಂಬುದೂ ನೆನಪಿರಲಿ. ಮನುಷ್ಯರ ಮೈಯೂ ಬಟ್ಟೆಯೂ ಸದ್ದನ್ನು ಹೀರುತ್ತವೆ.

ಮುಂದಿನ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ವಿದ್ಯುತ್ತಿನ ಗಿಟಾರ್ ಹಿಡಿದವನ ಕೈ ಲೋಹದ ತಂತಿಯ ಮೇಲಿರುತ್ತದೆ, ತುಟಿ ಮೈಕಿನ ಬಳಿಯಿರುತ್ತದೆ. ಎರಡರಲ್ಲಿ ಒಂದಕ್ಕೆ ಭೂಸಂಪರ್ಕ, ಅಂದರೆ ನಾವು ಅರ್ಥಿಂಗ್ ಎನ್ನುವುದು, ಸರಿಯಿಲ್ಲವಾದರೆ ಅವನ ಮೈಯೇ ವಿದ್ಯುತ್ತಿನ ದಾರಿಯಾದೀತು. 1972ರ ಮೇ ತಿಂಗಳಲ್ಲಿ ವೇಲ್ಸ್ ದೇಶದ ಸ್ವಾನ್ಸಿ ನಗರದಲ್ಲಿ, 'ಸ್ಟೋನ್ ದಿ ಕ್ರೋಸ್' ಎಂಬ ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವಿ ವೇದಿಕೆಯ ಮೇಲೆಯೇ ಹೀಗೆ ಪ್ರಾಣಬಿಟ್ಟರು. ಆಗ ಅವರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ. ನಮ್ಮ ತಂಡದ ಒಬ್ಬ ಹುಡುಗನಿಗೂ ಮಳೆಗಾಲದ ಒಂದು ಸಂಜೆ ತುಟಿಗೆ ಹೊಡೆತ ಬಿದ್ದು ಅವನು ಹಿಂದಕ್ಕೆ ಉರುಳಿದನು. ದೇವರ ದಯೆಯಿಂದ ಉಳಿದನು. ನೋಡಿದರೆ, ಎರಡು ತೂತಿನ ಸಾಕೆಟ್ಟಿಗೆ ಹೊಂದಲೆಂದು ಯಾರೋ ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಕತ್ತರಿಸಿದ್ದರು. ಆದುದರಿಂದ ಹೇಳುತ್ತೇವೆ: ಮೂರನೆಯ ಕಡ್ಡಿಯನ್ನು ಎಂದಿಗೂ ಕತ್ತರಿಸಬೇಡಿ, ಒದ್ದೆ ನೆಲದ ಮೇಲೆ ನಿಂತು ನುಡಿಸಬೇಡಿ, ವೇದಿಕೆಯ ಸಂಪರ್ಕಗಳನ್ನು ಬಲ್ಲ ಎಲೆಕ್ಟ್ರಿಷಿಯನ್ ಪರೀಕ್ಷಿಸುವ ಮುನ್ನ ತಂತಿ ಮುಟ್ಟಬೇಡಿ. ಕಾರ್ಯಕ್ರಮ ಒಂದು ಗಂಟೆ ತಡವಾದರೂ ಚಿಂತೆಯಿಲ್ಲ.

ಕಾನೂನನ್ನೂ ತಿಳಿದಿರಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಅದನ್ನು ಬಳಸುವಂತಿಲ್ಲ. ವರ್ಷದಲ್ಲಿ ಕೆಲವೇ ದಿನಗಳಿಗೆ ಸರ್ಕಾರ ವಿನಾಯಿತಿ ಕೊಡಬಹುದು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಪರಿಗಣಿಸಬಹುದು. ನೆರೆಮನೆಯ ರೋಗಿಯ ನಿದ್ರೆಯನ್ನು ಕೆಡಿಸಿ ಹಾಡಿದ ಭಕ್ತಿಗೀತೆಯಿಂದ ಯಾರಿಗೆ ಪುಣ್ಯ?

ಇನ್ನು ಪ್ರಚಾರದ ಮಾತು. ನುಡಿಸಲು ಬಲ್ಲ ತಂಡಗಳು ಎಷ್ಟೋ ಇವೆ. ಅವುಗಳ ಹೆಸರು ಊರಿನಾಚೆ ತಿಳಿಯದು. ಇದಕ್ಕೆ ಒಂದು ಹಾಡಿನ ಚರಿತ್ರೆಯೇ ನಮಗೆ ಪಾಠ. 'ಸೈಲೆಂಟ್ ನೈಟ್' ಎಂದು ಲೋಕವೆಲ್ಲ ಬಲ್ಲ ಗೀತೆಯನ್ನು ಮೊದಲ ಬಾರಿಗೆ ಹಾಡಿದ್ದು 1818ರ ಕ್ರಿಸ್ತ ಜಯಂತಿಯ ಹಿಂದಿನ ರಾತ್ರಿ, ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಊರಿನ ಸಂತ ನಿಕೋಲಾಸರ ದೇವಾಲಯದಲ್ಲಿ. ಪದ್ಯ ರಚಿಸಿದವರು ಅಲ್ಲಿನ ಕಿರಿಯ ಗುರು ಜೋಸೆಫ್ ಮೋರ್. ರಾಗ ಕೂಡಿಸಿದವರು ಶಾಲೆಯ ಉಪಾಧ್ಯಾಯ ಫ್ರಾಂಜ್ ಗ್ರೂಬರ್. ಅಂದು ಇಬ್ಬರ ಕಂಠಕ್ಕೆ ಜೊತೆಯಾದ ವಾದ್ಯ ಗಿಟಾರ್. ಇಲಿಗಳು ಆರ್ಗನ್ನನ್ನು ಕೆಡಿಸಿದುವೆಂಬುದು ಅನಂತರ ಹುಟ್ಟಿದ ಕಥೆ. ಆ ಹಾಡನ್ನು ಓಬರ್ನ್‌ಡಾರ್ಫಿನಿಂದ ಹೊರಕ್ಕೆ ಒಯ್ದವನು ಒಬ್ಬ ಆರ್ಗನ್ ಕೆಲಸಗಾರ. ಅಲ್ಲಿಂದ ಸ್ಟ್ರಾಸರ್ ಮತ್ತು ರೈನರ್ ಎಂಬ ಹಾಡುಗಾರ ಕುಟುಂಬಗಳು ಅದನ್ನು ಊರೂರಿಗೆ ಕೊಂಡೊಯ್ದವು. ಸ್ಟ್ರಾಸರ್ ಕುಟುಂಬದವರು ಕೈಗವಸುಗಳ ವ್ಯಾಪಾರಕ್ಕೆ ಲೈಪ್ಸಿಗ್ ನಗರಕ್ಕೆ ಹೋದವರು ಅಲ್ಲಿ ಹಾಡಿದರು. ರೈನರ್ ತಂಡದವರು 1839ರಲ್ಲಿ ಅದನ್ನು ನ್ಯೂಯಾರ್ಕಿನಲ್ಲಿ ಹಾಡಿದರು.

ಆದರೆ ಈ ಪಯಣದಲ್ಲಿ ಒಂದು ಅನ್ಯಾಯವೂ ನಡೆಯಿತು. ಹಾಡು ಅಚ್ಚಾದಾಗ ಕರ್ತೃಗಳ ಹೆಸರು ಅದರಲ್ಲಿರಲಿಲ್ಲ. ಜನ ಅದನ್ನು ಜಾನಪದ ಗೀತೆಯೆಂದರು, ಯಾರೋ ಪ್ರಖ್ಯಾತ ಸಂಗೀತಗಾರರದೆಂದರು. 1854ರಲ್ಲಿ ಬರ್ಲಿನ್ನಿನಿಂದ ವಿಚಾರಣೆ ಬಂದಾಗ ಗ್ರೂಬರ್ ತಮ್ಮ ಕೈಯಾರೆ ನಿಜವನ್ನು ಬರೆದುಕೊಡಬೇಕಾಯಿತು. ಅಷ್ಟು ಹೊತ್ತಿಗೆ ಗುರು ಮೋರ್ ತೀರಿಕೊಂಡು ಆರು ವರ್ಷಗಳಾಗಿದ್ದವು. ಅವರದೇ ಹಸ್ತಾಕ್ಷರದ ಪ್ರತಿ ದೊರೆತದ್ದು 1995ರಲ್ಲಿ.

ಇದರಿಂದ ನಾವು ಕಲಿಯಬೇಕಾದುದು ಎರಡು. ಒಂದನೆಯದು, ಹಾಡು ಹರಡುವುದು ಮನುಷ್ಯರ ಮೂಲಕ. ಇಂದು ನಿಮ್ಮ ಕೈಯಲ್ಲಿ ಮೊಬೈಲ್ ಇದೆ, ವಾಟ್ಸಾಪ್ ಇದೆ, ಯೂಟ್ಯೂಬ್ ಇದೆ. ಅವುಗಳನ್ನು ಧಾರಾಳವಾಗಿ ಬಳಸಿ. ಆದರೆ ಹತ್ತು ಅಸ್ಪಷ್ಟ ಚಿತ್ರೀಕರಣಗಳಿಗಿಂತ ಶುದ್ಧವಾಗಿ ಮುದ್ರಿಸಿದ ಒಂದೇ ಹಾಡು ಮೇಲು. ಕಾರ್ಯಕ್ರಮವಿದ್ದರೆ ಎರಡು ಮೂರು ವಾರ ಮೊದಲೇ ದಿನಾಂಕ, ವೇಳೆ, ಸ್ಥಳಗಳನ್ನು ಸ್ಪಷ್ಟವಾಗಿ ಬರೆದು ನೆರೆಯ ವಿಚಾರಣೆಗಳಿಗೆ ಕಳುಹಿಸಿ. ಸ್ವತಃ ಹೋಗಿ ಕರೆಯಿರಿ. ಹೇಳಿದ ವೇಳೆಗೇ ಪ್ರಾರಂಭಿಸಿ. ಮಂಗಳೂರಿನಲ್ಲಿ 1986ರಲ್ಲಿ ಹುಟ್ಟಿದ ಮಾಂಡ್ ಸೊಭಾಣ್ ಸಂಸ್ಥೆಯವರು 2008ರ ಜನವರಿಯಲ್ಲಿ 40 ಗಂಟೆಗಳ ಕಾಲ ನಿರಂತರವಾಗಿ ಕೊಂಕಣಿ ಹಾಡುಗಳನ್ನು ಹಾಡಿಸಿ ಗಿನ್ನೆಸ್ ದಾಖಲೆ ಸೇರಿದರು. ದಾಖಲೆಗಿಂತಲೂ ನಮಗೆ ಹಿಡಿಸುವುದು ತಿಂಗಳು ತಿಂಗಳೂ ತಪ್ಪದೆ ಕಾರ್ಯಕ್ರಮ ನಡೆಸಿಕೊಂಡು ಬಂದ ಅವರ ನಿಷ್ಠೆ. ಜನರು ಬರುವುದು ಈ ನಂಬಿಕೆಯ ಮೇಲೆ.

ಎರಡನೆಯದು, ಕರ್ತೃವಿನ ಹೆಸರು. ಹಾಡನ್ನು ಯಾರು ಬರೆದರು, ಯಾರು ರಾಗ ಕೂಡಿಸಿದರು ಎಂಬುದನ್ನು ಪುಸ್ತಕದಲ್ಲೂ ವೇದಿಕೆಯಲ್ಲೂ ಹೇಳಿ. ನೀವೇ ರಚಿಸಿದ್ದಾದರೆ ದಿನಾಂಕ ಸಹಿತ ಬರೆದಿಡಿ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ, ಸಂಗೀತ ಕೃತಿಗಳ ಹಕ್ಕು ಕರ್ತೃವಿನ ಜೀವಿತಕಾಲ ಹಾಗೂ ಅನಂತರದ 60 ವರ್ಷ ಉಳಿಯುತ್ತದೆ. ನಿಜವಾದ ಧಾರ್ಮಿಕ ವಿಧಿಯ ಸಂದರ್ಭದಲ್ಲಿ ಹಾಡುವುದಕ್ಕೆ ಕಾಯ್ದೆಯಲ್ಲಿ ವಿನಾಯಿತಿಯಿದೆ. ಟಿಕೆಟ್ಟು ಇಟ್ಟು ನಡೆಸುವ ಸಂಗೀತ ಸಂಜೆಗೆ ಆ ವಿನಾಯಿತಿ ಸಲ್ಲದು, ಪರವಾನಗಿ ಪಡೆಯಬೇಕು.

ಹಣದ ವಿಷಯದಲ್ಲಿ ಸಂಕೋಚ ಬೇಡ, ಮಸುಕೂ ಬೇಡ. ಎಷ್ಟು ಹಣ, ಮುಂಗಡವೆಷ್ಟು, ಎಷ್ಟು ಗಂಟೆಯ ಕಾರ್ಯಕ್ರಮ, ಧ್ವನಿವರ್ಧಕದ ಬಾಡಿಗೆ ಯಾರದು ಎಂಬುದನ್ನು ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಿ. ಬಂದ ಹಣದ ಲೆಕ್ಕವನ್ನು ಮರುದಿನವೇ ಎಲ್ಲರ ಮುಂದಿಡಿ. ನಮ್ಮ ತಂಡ ಒಮ್ಮೆ ಒಡೆದುಹೋದದ್ದು ಅಪಸ್ವರದಿಂದಲ್ಲ. ಬರೆಯದೆ ಬಿಟ್ಟ ಒಂದು ಸಣ್ಣ ಲೆಕ್ಕದಿಂದ. ಮತ್ತೆ ಕೂಡಲು ನಮಗೆ ಎರಡು ವರ್ಷ ಹಿಡಿಯಿತು. ಆ ಎರಡು ಕ್ರಿಸ್ತ ಜಯಂತಿಗಳಲ್ಲಿ ಈ ದೇವಾಲಯದಲ್ಲಿ ಗಿಟಾರಿನ ಧ್ವನಿ ಕೇಳಲಿಲ್ಲ. ಹಾಡು ಮಾತ್ರ ನಿಲ್ಲಲಿಲ್ಲ. ಆ ಅಜ್ಜಿ ಮೊದಲ್ಗೊಂಡು ಊರಿನವರೆಲ್ಲ ಬರಿಯ ಕಂಠದಿಂದಲೇ ಹಾಡಿದರು. ನಾವು ಹಿಂದಿನ ಸಾಲಿನಲ್ಲಿ ತಲೆತಗ್ಗಿಸಿ ನಿಂತು ಕೇಳಿದೆವು.

ಪ್ರಿಯ ಯುವಜನರೇ, ನಾವು ಬರುವ ಮುನ್ನವೂ ಇಲ್ಲಿ ಹಾಡು ಇತ್ತು. ನಾವು ಹೋದ ಮೇಲೂ ಇರುತ್ತದೆ. ನಡುವೆ ಸ್ವಲ್ಪ ಕಾಲ ಅದಕ್ಕೆ ಆಸರೆಯಾಗುವ ಭಾಗ್ಯ ನಮ್ಮದು. ಶ್ರುತಿ ಕೂಡಿಸಿಕೊಳ್ಳಿ, ತಂತಿ ಪರೀಕ್ಷಿಸಿಕೊಳ್ಳಿ, ಲೆಕ್ಕ ಬರೆದಿಡಿ, ಕೊನೆಯ ಸಾಲಿನ ಕಡೆ ಕಣ್ಣಿಟ್ಟಿರಿ. ಸಂತ ಸಿಸಿಲಿಯಾಳ ಪ್ರಾರ್ಥನೆ ನಿಮ್ಮೊಡನಿರಲಿ ಎಂದು ಹಾರೈಸಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.