ಹೆರಿಗೆಗೆ ಬಂದ ತಾಯಿಯನ್ನು ವಾಪಸ್ ಕಳಿಸುವಂತಿಲ್ಲ
(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ನಾವು ವಾರ ವಾರ ಸೇರಿ ಉಳಿತಾಯ, ಸಾಲ, ಬಡ್ಡಿ ಲೆಕ್ಕ ಮಾತಾಡ್ತೇವೆ. ಹೆರಿಗೆ ಕೋಣೆಯಲ್ಲಿ ನಡೆದದ್ದನ್ನು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಬೈದರೂ, ತೊಡೆಗೆ ಹೊಡೆದರೂ "ಮಗು ಚೆನ್ನಾಗಿದೆಯಲ್ಲ, ಹೋಗ್ಲಿ ಬಿಡು" ಅಂತ ಸುಮ್ಮನಾಗುತ್ತೇವೆ. ಇವತ್ತು ಅದನ್ನೇ ಮಾತಾಡೋಣ.

2020ರಲ್ಲಿ ಕೊರೊನಾ ಬಂದಾಗ ಈ ಕಷ್ಟ ಇನ್ನೂ ಹೆಚ್ಚಾಯಿತು. ಬಸ್ಸಿಲ್ಲ, ಆಟೋ ಇಲ್ಲ. ಹಲವು ಆಸ್ಪತ್ರೆಗಳನ್ನು ಕೋವಿಡ್ ರೋಗಿಗಳಿಗೆ ಮೀಸಲಿಟ್ಟರು. ಆ ವರ್ಷದ ಜೂನ್ 5ರಂದು ದೆಹಲಿ ಪಕ್ಕದ ನೋಯ್ಡಾದಲ್ಲಿ ಎಂಟು ತಿಂಗಳ ಗರ್ಭಿಣಿಯೊಬ್ಬರು ಸುಮಾರು 13 ಗಂಟೆ ಕಾಲ ಎಂಟು ಆಸ್ಪತ್ರೆ ಸುತ್ತಿ, ಯಾರೂ ಸೇರಿಸಿಕೊಳ್ಳದೆ ಆಂಬುಲೆನ್ಸಿನಲ್ಲೇ ತೀರಿಕೊಂಡರು. ಜುಲೈ ತಿಂಗಳಲ್ಲಿ ನಮ್ಮ ಬೆಂಗಳೂರಿನಲ್ಲೇ ಒಬ್ಬ ತಾಯಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, ಕೊನೆಗೆ ಆಟೋದಲ್ಲೇ ಹೆತ್ತರು. ಮಗು ಉಳಿಯಲಿಲ್ಲ.

ಇದೆಲ್ಲ ರೋಗದ ತಪ್ಪೇ? ಅಲ್ಲ. ಪರೀಕ್ಷೆ ಆಗಿಲ್ಲವೆಂದು ಹೆರಿಗೆಯನ್ನು ತಡಮಾಡಬಾರದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರ ಮೇ ತಿಂಗಳಲ್ಲೇ ಸೂಚಿಸಿತ್ತು. ಸೋಂಕು ಇದ್ದರೂ ತಾಯಿಯನ್ನು ಗೌರವದಿಂದ ನೋಡಿಕೊಳ್ಳಬೇಕು, ಅವಳಿಗೆ ಬೇಕಾದವರು ಜೊತೆಗಿರಲಿ, ಸೋಂಕಿದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಡ, ಮಗುವಿಗೆ ಎದೆಹಾಲು ಕೊಡಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. ನಿಯಮ ಇತ್ತು, ಅದು ಆಸ್ಪತ್ರೆಯ ಗೇಟಿನವರೆಗೆ ತಲುಪಲಿಲ್ಲ. ಕಿಟ್ ತೊಟ್ಟು ಹಗಲಿರುಳು ದುಡಿದ ನರ್ಸಮ್ಮಂದಿರನ್ನೂ ನಾವು ನೆನೆಯಬೇಕು. ಆದರೆ ಕೆಲಸದ ಒತ್ತಡ ಇದೆಯೆಂದು ನೋವಿನಲ್ಲಿರುವವಳನ್ನು ಹೊರಗೆ ಹಾಕುವುದು ನ್ಯಾಯವಲ್ಲ.

ಕೊರೊನಾ ಕಾಲ ಮುಗಿಯಿತಲ್ಲ ಎನ್ನಬೇಡಿ. 2022ರ ನವೆಂಬರಿನಲ್ಲಿ ತುಮಕೂರಿನ ಸರ್ಕಾರಿ ಆಸ್ಪತ್ರೆಗೆ ಹೋದ ಗರ್ಭಿಣಿಯನ್ನು ತಾಯಿ ಕಾರ್ಡ್, ಆಧಾರ್ ಇಲ್ಲವೆಂದು ವಾಪಸ್ ಕಳಿಸಿದರು. ಆಕೆ, ಆಕೆಯ ಅವಳಿ ಮಕ್ಕಳು ಮೂವರೂ ಮನೆಯಲ್ಲೇ ಸತ್ತರು. ಆಮೇಲೆ ವೈದ್ಯೆ ಮತ್ತು ನರ್ಸುಗಳ ಅಮಾನತಾಯಿತು. ಹೋದ ಜೀವ ಬರಲಿಲ್ಲ.

ಹಾಗಾದರೆ ನಾವೇನು ಮಾಡಬಹುದು?

* ಸಂಘದ ಪ್ರತಿ ಸಭೆಯಲ್ಲಿ ಗರ್ಭಿಣಿಯರ ಹೆಸರು, ದಿನ ತುಂಬುವ ತಾರೀಕು ಬರೆದಿಡೋಣ. ತಾಯಿ ಕಾರ್ಡ್ ಇಲ್ಲದವರಿಗೆ ಆಶಾ ಕಾರ್ಯಕರ್ತೆಯ ಮೂಲಕ ಮಾಡಿಸೋಣ.
* ನೋವು ಬಂದಾಗ 108ಕ್ಕೆ ಫೋನ್ ಮಾಡಿ, ಒಬ್ಬ ಸದಸ್ಯೆ ಜೊತೆಗೆ ಹೋಗಲಿ. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಹೆರಿಗೆ ಅನುಭವವಿರುವ ಹೆಂಗಸೊಬ್ಬಳು ಜೊತೆಗಿರಬಹುದೆಂದು ಕೇಂದ್ರ ಸರ್ಕಾರ 2016ರಲ್ಲೇ ತಿಳಿಸಿದೆ.
* 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ ಎಲ್ಲ ಉಚಿತ. ಕೈ ಬೆಚ್ಚಗೆ ಮಾಡಬೇಕಾಗಿಲ್ಲ.
* ಸೇರಿಸಿಕೊಳ್ಳದಿದ್ದರೆ "ಕಾರಣ ಬರೆದು ಕೊಡಿ" ಅಂತ ಕೇಳಿ. ತುರ್ತು ಚಿಕಿತ್ಸೆ ನಿರಾಕರಿಸುವುದು ಬದುಕುವ ಹಕ್ಕಿನ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಸರ್ಕಾರಿ ಆಸ್ಪತ್ರೆಗಳ ಪ್ರಕರಣವೊಂದರಲ್ಲಿ ಹೇಳಿದೆ.
* ಬೈಗುಳ, ಹೊಡೆತ ಆದರೆ ತಾಯಿ ಒಪ್ಪಿದ ಮೇಲೆ ಸಂಘದ ಹೆಸರಿನಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿಗೆ ದೂರು ಬರೆಯೋಣ.

ಒಬ್ಬಳು ಕೇಳಿದರೆ ಗದರಿಸಿ ಕಳಿಸುತ್ತಾರೆ, ಹತ್ತು ಜನ ಕೇಳಿದರೆ ಕುರ್ಚಿ ಕೊಟ್ಟು ಕೂರಿಸುತ್ತಾರೆ. ಸಾಲದ ವಿಷಯದಲ್ಲಿ ಬ್ಯಾಂಕಿನಲ್ಲಿ ಇದನ್ನು ನಾವೇ ಕಂಡಿದ್ದೇವೆ. ಮುಂದಿನ ಸಭೆಗೆ ಬರುವಾಗ ನಿಮ್ಮ ಬೀದಿಯ ಗರ್ಭಿಣಿಯರ ಪಟ್ಟಿ ತನ್ನಿ. ಅಲ್ಲಿಂದಲೇ ಶುರು ಮಾಡೋಣ.